ಸಾಕ್ಷಿ ಗಿಡದ ಬಾಯಾರಿಕೆ

ಗಿಡ ಸುಳ್ಳು ಹೇಳುವುದಿಲ್ಲ ಎಂದು ಹುಣಸೆಬಂಡೆ ಊರಿಗೆ ಊರೇ ನಂಬಿತ್ತು. ಮನುಷ್ಯರನ್ನು ಅಷ್ಟಾಗಿ ನಂಬುತ್ತಿರಲಿಲ್ಲ, ಅದಕ್ಕೇ ಆ ಏರ್ಪಾಟು ಮಾಡಿಕೊಂಡಿದ್ದು.

ಚಿಕ್ಕಬಳ್ಳಾಪುರದ ಕಡೆ, ಬೋಳು ಬಂಡೆಗಳ ನಡುವೆ ಸಿಕ್ಕಿಕೊಂಡ ಊರು ಅದು. ಗುಡ್ಡದ ಮೇಲೆ ನಿಂತು ನೋಡಿದರೆ ಯಾರೋ ನೂರಾರು ಬಿಳಿ ಪಂಚೆಗಳನ್ನು ಒಗೆದು ಒಣಹಾಕಿದ ಹಾಗೆ ಕಾಣುತ್ತಿತ್ತು. ಎಲ್ಲವೂ ಪಾಲಿಹೌಸ್‌ಗಳು, ಪ್ಲಾಸ್ಟಿಕ್ಕು ಹೊದಿಸಿದ ಗಿಡಗಳ ಮನೆಗಳು. ಒಳಗೆ ಗುಲಾಬಿ, ಜರ್ಬೆರಾ, ದಪ್ಪ ಮೆಣಸಿನಕಾಯಿ, ತರಕಾರಿ ಸಸಿ. ಒಂದು ಕಾಲದಲ್ಲಿ ಪ್ರತಿ ಮನೆಗೂ ಅದರದೇ ದೊಡ್ಡ ಫ್ಯಾನುಗಳಿದ್ದವು. ಒಂದು ಗೋಡೆಯ ಮೇಲೆ ನೀರು ಇಳಿಯುತ್ತಿತ್ತು, ಎದುರಿನ ಗೋಡೆಯ ಫ್ಯಾನು ಆ ತಂಪನ್ನು ಎಳೆದುಕೊಳ್ಳುತ್ತಿತ್ತು. ಆಮೇಲೆ ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಾ ಬಂತು, ಕರೆಂಟಿನ ದರ ಗಂಟೆಗೊಂದು ಆಯಿತು. ಮಧ್ಯಾಹ್ನ, ಅಂದರೆ ಗಿಡಕ್ಕೆ ತಂಪು ಬೇಕೇ ಬೇಕೆನ್ನುವ ಹೊತ್ತಿಗೆ, ದರ ನೆತ್ತಿಗೇರುತ್ತಿತ್ತು. ಫೋನು ಕೀ ಎಂದರೆ ದರ ಏರಿತು ಎಂದು ಅರ್ಥ. ಫ್ಯಾನು ತಿರುಗಿಸಿದರೆ ಹೂವು ಉಳಿಯುತ್ತಿತ್ತು, ಮನೆ ಮುಳುಗುತ್ತಿತ್ತು. ನಿಲ್ಲಿಸಿದರೆ ಹೂವಿನ ಜೊತೆಗೆ ಮನೆಯೂ ಮುಳುಗುತ್ತಿತ್ತು. ಒಬ್ಬೊಬ್ಬರೇ ಪಾಲಿಹೌಸ್ ಬಿಟ್ಟುಹೋದರು. ಹರಿದ ಪ್ಲಾಸ್ಟಿಕ್ಕು ಗಾಳಿಗೆ ಪಟಪಟ ಬಡಿದುಕೊಳ್ಳುವ ಸದ್ದೇ ಊರಿನ ಸದ್ದಾಗಿತ್ತು.

ಆಗ ಬಂದದ್ದು ತಂಪು ಲೈನು.

ಗುಡ್ಡದ ಇಳಿಜಾರಿನ ತುಂಬಾ ಬೆಳ್ಳಗಿನ ಹಾಳೆಗಳನ್ನು ಹಾಸಿದರು. ಆ ಹಾಳೆಯದು ಒಂದೇ ಗುಣ. ಅದು ತನ್ನ ಬಿಸಿಯನ್ನು ಗಾಳಿ ಹಿಡಿದಿಟ್ಟುಕೊಳ್ಳಲಾರದ ಒಂದು ಬಗೆಯ ಕಿರಣವಾಗಿ ಮಾಡಿ ನೇರ ಆಕಾಶಕ್ಕೆ, ಆಕಾಶದಿಂದಾಚೆಗೆ ಎಸೆದುಬಿಡುತ್ತಿತ್ತು. ಕರೆಂಟಿಲ್ಲ, ಯಂತ್ರವಿಲ್ಲ. ಹಾಳೆಯ ಕೆಳಗೆ ಹರಿಯುವ ನೀರು ಬೆಳಗಾಗುವ ಹೊತ್ತಿಗೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿರುತ್ತಿತ್ತು. ಅದನ್ನು ಪಾಳು ಬಿದ್ದಿದ್ದ ಕಲ್ಲುಕ್ವಾರಿಗೆ ತುಂಬಿ, ಮೇಲೆ ದಪ್ಪ ಮುಚ್ಚಳ ಹಾಕಿ, ಹಗಲಲ್ಲಿ ಪೈಪುಗಳ ಮೂಲಕ ಮನೆಮನೆಗೆ ಕಳಿಸುತ್ತಿದ್ದರು. ಖರ್ಚೆಂದರೆ ಪಂಪಿನದು ಮಾತ್ರ. ಮೋಡ ಕವಿದ ರಾತ್ರಿ ಮಾತ್ರ ಹಾಳೆ ಸೋಲುತ್ತಿತ್ತು, ಕ್ವಾರಿ ಅರೆಬರೆ ತಣ್ಣಗಾಗುತ್ತಿತ್ತು. ತಲೆತಲಾಂತರದಿಂದ ಮೋಡಕ್ಕಾಗಿ ಕೈಮುಗಿದವರ ಮಕ್ಕಳು ಈಗ ಸಂಜೆ ಮೋಡ ಕಂಡರೆ ಬೈದುಕೊಳ್ಳುತ್ತಿದ್ದರು.

ಇದ್ದಷ್ಟು ತಂಪನ್ನು ಹಂಚುವುದು ಹೇಗೆ ಎಂಬುದೇ ದೊಡ್ಡ ಜಗಳವಾಗಿತ್ತು. ಎಲ್ಲರಿಗೂ ಸಮ ಅಂದರೆ ಬಂಡೆಯ ಮಗ್ಗುಲಲ್ಲಿ ಬೇಯುವ ಮನೆಗೂ ಹುಣಸೆಮರದ ನೆರಳಿನ ಮನೆಗೂ ಒಂದೇ ಪಾಲು. ಬೇಕಾದವರು ಕೇಳಿ ಅಂದರೆ ಬೇಡವೆನ್ನುವವರು ಯಾರು? ಕೊನೆಗೆ, ಗಿಡವೇ ಕೇಳಲಿ ಎಂದು ತೀರ್ಮಾನವಾಯಿತು. ಪ್ರತಿ ಮನೆಯಲ್ಲೂ ಒಂದು ಗಿಡವನ್ನು ಆರಿಸಿ, ಅದರ ಎಲೆಗೆ ಕಿವಿಯೋಲೆಯಷ್ಟು ಚಿಕ್ಕ ಕ್ಲಿಪ್ಪು ಕಚ್ಚಿಸಿದರು. ಎಲೆ ನೀರು ತುಂಬಿಕೊಂಡು ಬಿಗಿಯಾಗಿದ್ದರೆ ಕಂಟ್ರೋಲ್ ರೂಮಿನ ಪರದೆಯಲ್ಲಿ ಆ ಮನೆಯ ಚೌಕ ಹಸಿರು. ಸೆಕೆಗೆ ಬಸವಳಿದು ಸಡಿಲಾದರೆ ಹಳದಿ, ಆಮೇಲೆ ಕೆಂಪು. ಎಷ್ಟು ಕೆಂಪೋ ಅಷ್ಟು ತಂಪು. ಒಂದು ಮನೆಯ ಗಿಡಗಳಿಗೆಲ್ಲ ಒಂದೇ ಹದದಲ್ಲಿ ನೀರು ಸಿಗುತ್ತದಲ್ಲ, ಆದ್ದರಿಂದ ಒಂದರ ಸಂಕಟ ಎಲ್ಲದರ ಸಂಕಟ ಎಂಬುದು ಲೆಕ್ಕಾಚಾರ.

ಆ ಗಿಡಕ್ಕೆ ಊರವರು ಸಾಕ್ಷಿ ಗಿಡ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಸುಮ್ಮನಿರುತ್ತಾರೆಯೇ? ಅದರ ಬುಡಕ್ಕೆ ಅರಿಶಿನ ಕುಂಕುಮ ಬಂತು. ಅದರ ಹೂವನ್ನು ಮಾರುವಂತಿಲ್ಲ ಎಂಬ ಕಟ್ಟಳೆ ಬಂತು. ಕೆರೆ ತುಂಬಿದ್ದ ಕಾಲದಲ್ಲಿ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿಯ ನೆನಪಿನಲ್ಲಿ, ಕಂಟ್ರೋಲ್ ರೂಮು ನೋಡಿಕೊಳ್ಳುವವನಿಗೆ ತಂಪುಗಂಟಿ ಎಂಬ ಹೆಸರೂ ಬಂತು. ವಾರಕ್ಕೊಂದು ಮನೆಯ ಸರದಿ. ಸರದಿ ಮುಗಿಸುವವರು ಭಾನುವಾರ ಬೆಳಗ್ಗೆ ಕ್ವಾರಿಯ ತಣ್ಣೀರನ್ನು ಚೊಂಬಿನಲ್ಲಿ ತಂದು, ಮುಂದಿನವರ ಬೊಗಸೆಗೆ ಸುರಿದು ಹೊರಬರಬೇಕು.

ಆ ವಾರದ ತಂಪುಗಂಟಿ ಆಂಜಿನಪ್ಪ.

ಆಂಜಿನಪ್ಪನದು ಗುಲಾಬಿ. ಬಂಡೆಯ ಮಗ್ಗುಲಿನ ಮನೆ ಅವನದೇ. ಹೋದ ಬೇಸಿಗೆಯಲ್ಲಿ ಮೋಡ ಬಿಟ್ಟೂಬಿಡದೆ ಕವಿದಾಗ ಅವನ ಹೂವಿನ ಅಂಚು ಕಪ್ಪಾಗಿ, ಕಡ್ಡಿ ಗಿಡ್ಡಾಗಿ, ಮದುವೆ ಛತ್ರಗಳವರು ಬುಟ್ಟಿಗಟ್ಟಲೆ ವಾಪಸು ಕಳಿಸಿದ್ದರು. ಅವನ ಸಾಕ್ಷಿ ಗಿಡ ಹಳದಿಯಲ್ಲೇ ನಿಂತಿತ್ತು. ಪಕ್ಕದ ಸಾಲಿನ ಯಾರದೋ ಕೆಂಪಾಗಿತ್ತು, ತಂಪು ಅತ್ತ ಹೋಗಿತ್ತು. ತಪ್ಪೇನಿರಲಿಲ್ಲ, ಆದರೂ ಅವನಿಗೆ ಹೊಟ್ಟೆ ಉರಿದಿತ್ತು. ಈ ಬೇಸಿಗೆ ಶುರುವಾಗುವ ಮೊದಲು ಒಂದು ಬೆಳಗ್ಗೆ ಡ್ರಿಪ್ ಪೈಪು ನೋಡುತ್ತಾ ಹೋಗುತ್ತಿದ್ದವನು ಸಾಕ್ಷಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಬೀಡಿ ಹಚ್ಚಿದ. ಉರಿದ ಕಡ್ಡಿಯನ್ನು ಆರಿಸಿ, ಎಸೆಯುವ ಬದಲು, ಆ ಒಂದು ಗಿಡಕ್ಕೆ ನೀರು ತೊಟ್ಟಿಕ್ಕುವ ತೂತಿಗೆ ಸಿಗಿಸಿದ.

ಅಷ್ಟೇ. ಒಂದು ಬೆಂಕಿಕಡ್ಡಿ. ಆ ಗಿಡ ಸಾಯದಿರಲೆಂದು ಆಗೀಗ ಕಡ್ಡಿ ಸಡಿಲಿಸುತ್ತಿದ್ದ, ಮತ್ತೆ ಬಿಗಿಮಾಡುತ್ತಿದ್ದ. ಮಿಕ್ಕ ಗಿಡಗಳೆಲ್ಲ ಚೆನ್ನಾಗಿ ನೀರು ಕುಡಿದುಕೊಂಡು ನಿಂತಿದ್ದಾಗ ಸಾಕ್ಷಿ ಮಾತ್ರ ಬಾಯಾರಿ ಒದ್ದಾಡುತ್ತಿತ್ತು, ಪರದೆಯಲ್ಲಿ ಆಂಜಿನಪ್ಪನ ಚೌಕ ಕೆಂಪಾಗುತ್ತಿತ್ತು, ತಂಪು ಗಳಗಳ ಹರಿದು ಬರುತ್ತಿತ್ತು. ಎಲ್ಲರಿಗಿಂತ ಜಾಣ ನಾನು ಎಂದು ಮೊದಲ ಕೆಲವು ದಿನ ಅವನಿಗೆ ಒಳಗೊಳಗೇ ನಗು. ಅವನ ಹೆಂಡತಿ ಗಂಗರತ್ನ ಬೆಳಗ್ಗೆ ಸಾಕ್ಷಿ ಗಿಡಕ್ಕೆ ಕುಂಕುಮ ಇಟ್ಟು ಕೈಮುಗಿಯುವಾಗ ಮಾತ್ರ ಅವನು ಆ ಕಡೆ ನೋಡುತ್ತಿರಲಿಲ್ಲ. ಗಿಡಕ್ಕೇನೋ ರೋಗ ಬಂದಿರಬೇಕು, ಸೊರಗುತ್ತಾ ಇದೆ ಎಂದು ಅವಳು ಎರಡು ಮೂರು ಸಲ ಹೇಳಿದ್ದಳು. ಬೇರು ಹಿಡಿಯುತ್ತೆ ಬಿಡು ಅಂದಿದ್ದ.

ಅವನ ಸರದಿಯ ವಾರವೇ ಮೋಡ ಕವಿಯಿತು. ರಾತ್ರಿಯೆಲ್ಲ ಹಾಳೆ ಆಕಾಶ ಕಾಣದೆ ಬಿದ್ದುಕೊಂಡಿತ್ತು. ಬೆಳಗ್ಗೆ ಮೋಡ ಒಂದು ಹನಿಯನ್ನೂ ಉದುರಿಸದೆ ಹೊರಟುಹೋಯಿತು, ಬಿಸಿಲು ಬಂಡೆ ಸೀಳುವಂತೆ ಬಂತು. ಕ್ವಾರಿಯಲ್ಲಿದ್ದ ತಂಪು ಮಧ್ಯಾಹ್ನಕ್ಕೆ ಸಾಲುವುದಿಲ್ಲ ಎಂದು ಪರದೆಯೇ ಹೇಳುತ್ತಿತ್ತು. ಒಂದೊಂದೇ ಚೌಕ ಹಳದಿಯಾಗತೊಡಗಿತು. ಎಲ್ಲಕ್ಕಿಂತ ಕೆಂಪು ಆಂಜಿನಪ್ಪನದೇ. ಇದ್ದದ್ದರಲ್ಲಿ ದೊಡ್ಡ ಪಾಲು ಅವನ ಗುಲಾಬಿಗೆ ಹೋಗುತ್ತಿತ್ತು. ಕಡ್ಡಿ ತೆಗೆದು ಬರೋಣವೇ ಎಂದು ಒಮ್ಮೆ ಅನ್ನಿಸಿತು. ನಾಡಿದ್ದು ಲಗ್ನಗಳಿದ್ದವು, ಮೊಗ್ಗು ಬಿರಿಯುವ ಹದದಲ್ಲಿತ್ತು. ಇವತ್ತೊಂದು ದಿನ ಆಗಲಿ ಎಂದುಕೊಂಡು ಕುಳಿತ.

ಆಗ ಪಿಳ್ಳಕ್ಕ ಬಂದಳು.

ಪಿಳ್ಳಕ್ಕ ಅವನ ಪಕ್ಕದ ಮನೆಯವಳು. ತರಕಾರಿ ಸಸಿ ಬೆಳೆಸುವುದು ಅವಳ ಕಸುಬು. ಟೊಮೇಟೊ, ಕೋಸು, ಬದನೆ, ಹೀಗೆ ಸುತ್ತಲ ಊರಿನವರ ಹೊಲಕ್ಕೆ ಹೋಗುವ ಪೈರೆಲ್ಲ ಅವಳ ತಟ್ಟೆಗಳಲ್ಲೇ ಕಣ್ಣು ಬಿಡುತ್ತಿತ್ತು. ತಂಪು ಲೈನು ಎಳೆಯುವಾಗ, ಬಂಡೆಯ ಮಗ್ಗುಲಿಗೆ ಪೈಪು ತರುವುದು ಕಷ್ಟ, ಆಂಜಿನಪ್ಪನ ಮನೆ ಬಿಟ್ಟುಬಿಡೋಣ ಎಂದು ಎಲ್ಲರೂ ಅಂದಾಗ, ತನ್ನ ಪಾಲಿಹೌಸಿನ ನಡುವೆಯೇ ಪೈಪು ಹಾಯಲಿ ಎಂದು ಜಾಗ ಬಿಟ್ಟುಕೊಟ್ಟವಳು. ಈಗ ಅವಳು ಚಪ್ಪಲಿ ಕೂಡ ಮೆಟ್ಟದೆ ಕಾದ ನೆಲದ ಮೇಲೆ ಓಡಿಬಂದಿದ್ದಳು. ಕೈಯಲ್ಲಿ ಒಂದು ಸಸಿ ತಟ್ಟೆ.

"ಆಂಜಿ, ಸಸಿ ಎಲ್ಲಾ ಬಾಡ್ತಾ ಅವೆ ಕಣೋ. ಒಂದ್ಕಿತ ಬಂದು ನೋಡು."

ಕಂಟ್ರೋಲ್ ರೂಮಿನಲ್ಲಿ ಕೈತೂಬು ಎಂದು ಒಂದಿತ್ತು. ಕೆರೆಯ ತೂಬಿನ ಹಾಗೆಯೇ ಕೈಯಲ್ಲಿ ತಿರುಗಿಸುವ ಚಕ್ರ. ಯಾರಾದರೂ ಬಂದು ಕರೆದರೆ ತಂಪುಗಂಟಿ ಎದ್ದು ಹೋಗಿ ತನ್ನ ಕಣ್ಣಿಂದ ನೋಡಬೇಕು. ನಿಜವೆನಿಸಿದರೆ ಪರದೆ ಏನೇ ಹೇಳಲಿ, ಕೈತೂಬು ತಿರುಗಿಸಿ ಆ ಮನೆಗೆ ತಂಪು ಬಿಡಬಹುದು. ಬಿಟ್ಟಷ್ಟು ತಂಪು, ಆಗ ಎಲ್ಲಕ್ಕಿಂತ ಹೆಚ್ಚು ಎಳೆಯುತ್ತಿರುವ ಮನೆಯಿಂದ ಕಡಿತವಾಗುತ್ತಿತ್ತು. ಹೆಚ್ಚು ಎಳೆಯುತ್ತಿದ್ದ ಮನೆ ಯಾವುದೆಂದು ಆಂಜಿನಪ್ಪನಿಗೆ ಪರದೆ ನೋಡದೆಯೂ ಗೊತ್ತಿತ್ತು.

ಆದರೂ ಪರದೆಯನ್ನೇ ನೋಡಿದ. ಆಶ್ಚರ್ಯವೆಂದರೆ ಪಿಳ್ಳಕ್ಕನ ಚೌಕ ಹಸಿರಾಗಿತ್ತು. ಅಪ್ಪಟ ಹಸಿರು. ಅವನಿಗೆ ಬೆನ್ನಿಗೊಂದು ಗೋಡೆ ಸಿಕ್ಕ ಹಾಗಾಯಿತು.

"ನಿನ್ನ ಸಾಕ್ಷಿ ಚೆನ್ನಾಗಿವ್ನಿ ಅಂತೈತಲ್ಲಕ್ಕ."

"ಅದು ಏನಾರ ಅನ್ಲಿ. ನೀನ್ ಬಂದು ನೋಡು. ಇಗೋ, ಈ ತಟ್ಟೆ ನೋಡು."

ತಟ್ಟೆಯಲ್ಲಿ ಸಸಿಗಳು ಕತ್ತು ಮುರಿದುಕೊಂಡು ಮಲಗಿದ್ದವು. ಆಂಜಿನಪ್ಪ ತಟ್ಟೆಯ ಅಂಚನ್ನಷ್ಟೇ ನೋಡಿದ.

"ಬಿಸಿಲಲ್ಲಿ ಎತ್ಕೊಂಡು ಬಂದ್ಯಲ್ಲ, ಅದಕ್ಕೆ ಬಾಡಿರ್ತವೆ. ಪಂಪು ಬುಟ್ಟು ನಾನೆಂಗೆ ಬರ್ಲಿ? ಗಿಡ ಸುಳ್ಳು ಹೇಳ್ತದಾ ಅಕ್ಕ?"

ಪಿಳ್ಳಕ್ಕ ಪರದೆಯ ಹಸಿರನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ಅವಳ ಮುಖದಲ್ಲಿದ್ದ ಗಾಬರಿ ಮೆಲ್ಲಗೆ ನಾಚಿಕೆಯಾಯಿತು.

"ಇಲ್ಲ ಬುಡು," ಅಂದಳು. "ಗಿಡ ಯಾಕೆ ಸುಳ್ಳು ಹೇಳ್ತದೆ. ನಾನೇ ಸುಮ್ನೆ ಓಡ್ಬಂದೆ."

ತಟ್ಟೆಗೆ ಸೆರಗು ಮರೆಮಾಡಿಕೊಂಡು ಅದೇ ಕಾದ ನೆಲದ ಮೇಲೆ ವಾಪಸು ಹೋದಳು. ಆಂಜಿನಪ್ಪ ಬಾಗಿಲು ಮುಚ್ಚಿದ, ತಂಪು ಹೊರಗೆ ಹೋಗದಿರಲಿ ಎಂದು.

ಸಂಜೆಗೆ ಸುದ್ದಿ ಬಂತು. ಪಿಳ್ಳಕ್ಕನ ಮನೆಯ ಸಸಿ ಎಲ್ಲಾ ಹೋಯಿತು. ಆ ಮುಂಗಾರಿಗೆಂದು ಯಾರ್‍ಯಾರೋ ಹೇಳಿಟ್ಟುಹೋಗಿದ್ದ ಪೈರು. ಬೆಂದ ಸೊಪ್ಪಿನ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಊರಿನ ರೂಢಿಯಂತೆ ಅಕ್ಕಪಕ್ಕದವರೆಲ್ಲ ಕೈಜೋಡಿಸಿ ತಟ್ಟೆಗಳನ್ನು ಹೊರಗೆ ಹೊತ್ತರು. ಗಂಗರತ್ನ ಹೋದಳು, ಅವಳ ಹಿಂದೆ ಆಂಜಿನಪ್ಪನೂ ಹೋಗಬೇಕಾಯಿತು. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದರು. ತಟ್ಟೆ ಎತ್ತುವಾಗಲೆಲ್ಲ ಕಪ್ಪಾದ ಎಲೆಗಳು ಅವನ ಮುಂಗೈಗೆ ಒದ್ದೆಯಾಗಿ ಅಂಟಿಕೊಳ್ಳುತ್ತಿದ್ದವು. ಒರೆಸಿಕೊಂಡರೂ ಹೋಗುತ್ತಿರಲಿಲ್ಲ. ಮನೆಯ ಮಧ್ಯದಲ್ಲಿ ಪಿಳ್ಳಕ್ಕನ ಸಾಕ್ಷಿ, ಕುಂಡದಲ್ಲಿ ಬೆಳೆಸಿದ್ದ ಒಂದು ಟೊಮೇಟೊ ಗಿಡ, ಸತ್ತವರ ಮನೆಗೆ ಹೊಸ ಸೀರೆ ಉಟ್ಟು ಬಂದವಳಂತೆ ಪಳಪಳ ನಿಂತಿತ್ತು. ಅದು ಹೇಗೆ ಎಂದು ಆಂಜಿನಪ್ಪನಿಗೂ ಬಗೆಹರಿಯಲಿಲ್ಲ.

ಕೆಲಸ ಮುಗಿದ ಮೇಲೆ ಪಿಳ್ಳಕ್ಕ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಅವನ ಲೋಟಕ್ಕೆ ಸುರಿಯುವಾಗ, ನಿನ್ನ ಗುಲಾಬೀನಾದ್ರೂ ಉಳೀತಲ್ಲ ಬುಡಪ್ಪ, ಅಷ್ಟೇ ಸಾಕು ಅಂದಳು. ಕೊಂಕು ಮಾತಲ್ಲ ಅದು. ಕೊಂಕಾಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದ. ಲೋಟವನ್ನು ಹಾಗೇ ಕೆಳಗಿಟ್ಟ.

ಮಾರನೆಯ ದಿನ ಲೈನು ಹಾಕಿಕೊಟ್ಟ ಕಂಪನಿಯಿಂದ ಇಂಜಿನಿಯರ್ ಹುಡುಗಿ ಇಂಚರ ಬಂದಳು. ಕಂಟ್ರೋಲ್ ರೂಮಿನ ಮುಂದಿನ ಚಪ್ಪರದಲ್ಲಿ ಸಭೆ. ತಂಪು ಲೈನು ನಡೆಸುವ ಬೆಳೆಗಾರರ ಸೊಸೈಟಿಯ ಅಧ್ಯಕ್ಷ ದ್ಯಾವಣ್ಣ ಕುರ್ಚಿಯಲ್ಲಿ, ಮಿಕ್ಕವರು ಜಮಖಾನೆಯ ಮೇಲೆ. ಇಂಚರ ಕಂಪ್ಯೂಟರಿನಲ್ಲಿ ಗೆರೆಗಳನ್ನು ತೋರಿಸುತ್ತಾ, ಯಂತ್ರದಲ್ಲಿ ಏನೂ ದೋಷವಿಲ್ಲ, ಪಿಳ್ಳಕ್ಕನ ಸಾಕ್ಷಿ ಗಿಡದ ಎಲೆ ಇಡೀ ಮಧ್ಯಾಹ್ನ ಬಿಗಿಯಾಗಿಯೇ ಇತ್ತು ಎಂದು ವಿವರಿಸಿದಳು. ಆಮೇಲೆ ಸ್ವಲ್ಪ ಯೋಚಿಸಿ ಪಿಳ್ಳಕ್ಕನ ಕಡೆ ತಿರುಗಿದಳು.

"ಅಮ್ಮಾ, ಆ ಗಿಡಕ್ಕೆ ನೀವು ಬೇರೆ ನೀರೇನಾದ್ರೂ ಹಾಕ್ತಿದ್ರಾ?"

"ಹಾಕ್ದೆ ಇರ್ತಾರಾ ಮೇಡಮ್ಮು? ಕುಂಕುಮ ಇಟ್ಟಿರೋ ಗಿಡ. ದಿನಾ ಒಂದು ಚೊಂಬು, ಬಿಸ್ಲು ಜೋರಾದ್ರೆ ಇನ್ನೊಂದು ಚೊಂಬು."

ಸುತ್ತಲಿನ ಸಸಿ ಬೇಯುತ್ತಿದ್ದಾಗಲೂ ಆ ಚೊಂಬಿನ ನೀರಿನಿಂದ ಸಾಕ್ಷಿ ಮಾತ್ರ ಬಿಗಿಯಾಗಿ ನಿಂತಿತ್ತು. ಅರ್ಥವಾದ ಮೇಲೆ ಹಿಂದಿನ ಸಾಲಿನಿಂದ ನಗು ಶುರುವಾಯಿತು. ಊರಿಗೆಲ್ಲ ಬಿಸಿಲಂತೆ, ಇವಳ ಗಿಡಕ್ಕೆ ಮಾತ್ರ ಸೀಮಂತವಂತೆ ಎಂದು ಯಾರೋ ಅಂದರು. ಬಾಯಲ್ಲಿ ಹೇಳಿಸಬೇಕಾದ ಸಾಕ್ಷಿಯ ಬಾಯಿಗೇ ಹೋಳಿಗೆ ತುರುಕಿದ್ದಾಳೆ ಅಂದರು ಇನ್ನೊಬ್ಬರು. ಪಿಳ್ಳಕ್ಕ ಮೊದಲು ತಾನೂ ನಗಲು ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತನ್ನ ಕೈಯಾರೆ ತಾನೇ ಅಷ್ಟು ಸಸಿಯನ್ನು ಕೊಂದೆ ಎಂದು ಅವಳಿಗೆ ಅನ್ನಿಸುತ್ತಿರುವುದು ಆಂಜಿನಪ್ಪನಿಗೆ ಕಾಣುತ್ತಿತ್ತು.

ಅವನಿಗೆ ಲೆಕ್ಕ ಗೊತ್ತಿತ್ತು. ಅವಳ ಗಿಡ ಹಸಿರು ತೋರಿಸಿದ್ದು ನಿಜ. ಆದರೆ ಹಸಿರು ಚೌಕದ ಮನೆಗೂ ಒಂದಿಷ್ಟು ತಂಪು ಹೋಗುತ್ತದೆ, ಎಲ್ಲರೂ ನೇರವಾಗಿದ್ದರೆ. ಆ ಒಂದಿಷ್ಟೂ ಇಲ್ಲದ ಹಾಗೆ ಎಳೆದುಕೊಂಡದ್ದು ಬೆಂಕಿಕಡ್ಡಿ. ಅದೂ ಹೋಗಲಿ ಎಂದರೆ, ಅವಳು ಬರಿಗಾಲಲ್ಲಿ ಬಂದು ಕರೆದಿದ್ದಳು. ಎದ್ದು ನಾಲ್ಕು ಹೆಜ್ಜೆ ಹೋಗಿದ್ದರೆ ಸಾಕಿತ್ತು. ಈಗ ಹೇಳಬೇಕು, ಈಗಲೇ, ಎಂದುಕೊಂಡ. ಜಮಖಾನೆಯ ದಾರ ಕೀಳುತ್ತಾ ಕುಳಿತ.

ಹೊರಡುವ ಮುಂಚೆ ಇಂಚರ ಅವನ ಕಡೆಗೂ ತಿರುಗಿದಳು. "ಅಣ್ಣ, ನಿಮ್ಮನೇಲೂ ಒಂದ್ಸಲ ಪೈಪ್ ಚೆಕ್ ಮಾಡ್ಸಿ. ಪಾಪ, ನಿಮ್ಮ ಗಿಡ ಆವತ್ತು ಎಲ್ಲರಿಗಿಂತ ಹೆಚ್ಚು ಒದ್ದಾಡಿದೆ." ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. ಆಂಜಿನಪ್ಪ ಆಯ್ತಮ್ಮ ಅಂದ.

ದ್ಯಾವಣ್ಣ ಕಟ್ಟಳೆ ಓದಿದ. ಯಾರ ಸಾಕ್ಷಿ ಸುಳ್ಳು ಹೇಳುತ್ತದೋ ಅವರ ಮನೆ ಒಂದು ಬೇಸಿಗೆ ಸಾಲಿನ ಬಾಲಕ್ಕೆ ಹೋಗಬೇಕು, ಮಿಕ್ಕವರಿಗೆಲ್ಲ ಆಗಿ ಉಳಿದ ತಂಪು ಅವರಿಗೆ. ಬೇಕೆಂದು ಮಾಡಿದ್ದಲ್ಲ ಎಂದು ಒಬ್ಬಿಬ್ಬರು ಗೊಣಗಿದರು. ಕಟ್ಟಳೆಯಲ್ಲಿ ಬೇಕೆಂದು, ಬೇಡವೆಂದು ಅಂತ ಇಲ್ಲವಲ್ಲ ಎಂದ ದ್ಯಾವಣ್ಣ, ಅವನಿಗೂ ಮನಸ್ಸಿರಲಿಲ್ಲ. ಸಸಿ ಬೆಳೆಸುವವಳಿಗೆ ಬಾಲ ಅಂದರೆ ಬಾಗಿಲು ಹಾಕಿದ ಹಾಗೆಯೇ ಎಂದು ಎಲ್ಲರಿಗೂ ಗೊತ್ತಿತ್ತು. ಒಪ್ಪುವವರು ಕೈಯೆತ್ತಿ ಅಂದ. ಕೈಗಳು ಎದ್ದವು. ಆಂಜಿನಪ್ಪ ಸುತ್ತ ನೋಡಿದ, ಕೆಳಗೆ ಇಟ್ಟುಕೊಂಡರೆ ಯಾರಾದರೂ ಯಾಕೆಂದು ಕೇಳಿಯಾರು ಅನ್ನಿಸಿತು, ಅವನ ಕೈಯೂ ಎದ್ದಿತು.

ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಸಾಲಾಗಿ ಮೊಳೆ ಹೊಡೆದು, ಮನೆಗೊಂದು ಮರದ ಹಲಗೆ ನೇತುಹಾಕಿದ್ದರು. ದ್ಯಾವಣ್ಣ ಪಿಳ್ಳಕ್ಕನ ಹಲಗೆ ತೆಗೆದು ಕೊನೆಯ ಮೊಳೆಗೆ ಸಿಕ್ಕಿಸಿದ. ಮುಂದಿನ ವಾರದ ತಂಪುಗಂಟಿ ಅವಳಾಗಬೇಕಿತ್ತು. ಬಾಲದ ಮನೆಗೆ ಸರದಿ ಇಲ್ಲ, ಅದೂ ತಪ್ಪಿತು.

ಮನೆಯಲ್ಲಿ ಗಂಗರತ್ನ ಮುದ್ದೆ ಬಡಿಸಿದಳು. ಎದುರಿಗೆ ಕುಳಿತುಕೊಂಡಳೇ ವಿನಾ ತಾನು ಬಡಿಸಿಕೊಳ್ಳಲಿಲ್ಲ. ಆಂಜಿನಪ್ಪ ಒಂದು ತುತ್ತು ಮುರಿದು ಸಾರಿನಲ್ಲಿ ಹೊರಳಿಸುತ್ತಲೇ ಇದ್ದ.

"ಪಿಳ್ಳಕ್ಕನ ಗಿಡದ ಮಾತು ಕೇಳಿ ನಮ್ಮ ಗಿಡ ನೋಡಕ್ಕೆ ಹೋಗಿದ್ದೆ," ಅಂದಳು. "ರೋಗಾನೂ ಇಲ್ಲ ಏನೂ ಇಲ್ಲ."

ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

"ದಿನಾ ಅದಕ್ಕೆ ಕುಂಕುಮ ಇಡ್ತಾ ಇದ್ದೋಳು ನಾನು. ನೀರಿಲ್ದೆ ಸಾಯ್ತಾ ಇರೋದಕ್ಕೆ ಕುಂಕುಮ ಇಟ್ಟು ಕೈ ಮುಗಿದಿವ್ನಿ. ನನ್ನ ಕೈಲಿ ಯಾಕೆ ಅದನ್ನ ಮಾಡಿಸ್ದೆ?"

"ನಾನೇನು ನನಗೋಸ್ಕರ ಮಾಡ್ದೆನಾ? ಮನೇಗೆ..."

"ಮನೇಗೆ ಅಂತ ಮಾತ್ರ ಅನ್ಬೇಡ."

ಹೊರಗೆ ಅವನ ಗುಲಾಬಿಯನ್ನು ಬುಟ್ಟಿಗೆ ತುಂಬುವವರು ಹಾಡಿಕೊಂಡು ಕೆಲಸ ಮಾಡುತ್ತಿದ್ದರು. ಒಂದು ಎಸಳೂ ಕಪ್ಪಾಗಿರಲಿಲ್ಲ. ಹೋಗಲಿ ಬಿಡು, ಕಡ್ಡಿ ತೆಗೆದುಬಿಡುತ್ತೇನೆ, ಇನ್ನು ಯಾವತ್ತೂ ಮುಟ್ಟುವುದಿಲ್ಲ ಎಂದ ಅವನು. ನಾನು ತೆಗೆದಿದ್ದೆ ಅಂದಳು ಗಂಗರತ್ನ. ತೆಗೆದು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದಳಂತೆ.

"ಮತ್ತೆ ನಾನೇ ಸಿಗಿಸಿ ಬಂದೆ. ನೀನು ಸಿಗಿಸಿದ್ದನ್ನ ನೀನೇ ತೆಗಿ. ಎಲ್ಲಿ ತೆಗೀಬೇಕೋ ಅಲ್ಲಿ ತೆಗಿ."

ತಟ್ಟೆಯನ್ನು ಅವನ ಮುಂದಿನಿಂದ ಎತ್ತಲೂ ಇಲ್ಲ, ಉಣ್ಣು ಎನ್ನಲೂ ಇಲ್ಲ. ಎದ್ದು ಹೋದಳು.

ಭಾನುವಾರದವರೆಗೆ ಆಂಜಿನಪ್ಪ ದಿನಾ ಕಂಟ್ರೋಲ್ ರೂಮಿನಲ್ಲಿ ಕುಳಿತ. ಮೋಡ ಸರಿದಿತ್ತು, ರಾತ್ರಿಗಳು ತಿಳಿಯಾಗಿದ್ದವು, ಕ್ವಾರಿಯ ತುಂಬಾ ತಂಪು. ಪರದೆಯ ಮೇಲೆ ಎಲ್ಲರೂ ಹಸಿರು, ಅವನೊಬ್ಬನೇ ಕೆಂಪು. ಹೋಗುತ್ತಾ ಬರುತ್ತಾ ಬಾಗಿಲಲ್ಲಿ ಇಣುಕಿದವರು, ಪಾಪ, ಬಂಡೆ ಮಗ್ಗುಲಿನ ಮನೆ ಎಂದು ಅನುಕಂಪ ತೋರಿಸಿ ಹೋಗುತ್ತಿದ್ದರು. ಆ ಒಂದೊಂದು ಪಾಪಕ್ಕೂ ಅವನಿಗೆ ಮೈಮೇಲೆ ಕಂಬಳಿಹುಳ ಹರಿದ ಹಾಗಾಗುತ್ತಿತ್ತು. ಕಿಟಕಿಯಿಂದ ಪಿಳ್ಳಕ್ಕನ ಮನೆ ಕಾಣುತ್ತಿತ್ತು. ಖಾಲಿ ತಟ್ಟೆಗಳನ್ನು ತೊಳೆದು, ಒಂದರ ಮೇಲೊಂದು ಜೋಡಿಸಿ, ಹಗ್ಗ ಹಾಕಿ ಕಟ್ಟುತ್ತಿದ್ದಳು. ಮಾರಲು ಕಟ್ಟುವವರು ಮಾತ್ರ ಹಾಗೆ ಕಟ್ಟುತ್ತಾರೆ. ಅವಳ ಟೊಮೇಟೊ ಸಾಕ್ಷಿ, ಕ್ಲಿಪ್ಪು ಬಿಚ್ಚಿಸಿಕೊಂಡು, ಹೊರಗೆ ಬಿಸಿಲಲ್ಲಿತ್ತು. ಅದಕ್ಕೆ ಅವಳು ಈಗ ನೀರು ಹಾಕುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಸರದಿ ಒಪ್ಪಿಸಲು ಎಲ್ಲರೂ ಸೇರಿದರು. ಹೊಸ ಕ್ಲಿಪ್ಪುಗಳನ್ನು ತಂದಿದ್ದ ಇಂಚರ ಕೂಡ ಇದ್ದಳು. ಕ್ವಾರಿಯ ತಣ್ಣೀರಿನ ಚೊಂಬು ಮೇಜಿನ ಮೇಲೆ ಬೆವರುತ್ತಾ ಕುಳಿತಿತ್ತು. ಆಂಜಿನಪ್ಪ ಮಾತ್ರ ಕಾಣಲಿಲ್ಲ. ಎಲ್ಲಿ ಇವನು, ಸರದಿ ಬಿಡಲು ಮನಸ್ಸಿಲ್ಲವೇನೋ ಎಂದು ಯಾರೋ ತಮಾಷೆ ಮಾಡುವಷ್ಟರಲ್ಲಿ ಅವನು ಬಂದ. ಹೆಗಲ ಮೇಲೆ ತೆಂಗಿನ ನಾರು ತುಂಬಿದ ಚೀಲ, ಅದರಲ್ಲಿ ಒಂದು ಗುಲಾಬಿ ಗಿಡ. ಒಣಗಿದ ಎಲೆಗಳು ಅವನ ಬೆನ್ನ ಮೇಲೆ ಉದುರುತ್ತಾ ಬಂದಿದ್ದವು. ಬುಡದಲ್ಲಿ ಕುಂಕುಮ. ಎಲೆಯಲ್ಲಿ ಕ್ಲಿಪ್ಪು ಇನ್ನೂ ಕಚ್ಚಿಕೊಂಡೇ ಇತ್ತು.

ಗಿಡವನ್ನು ಕಂಟ್ರೋಲ್ ರೂಮಿನ ಒಳಗೆ, ತಂಪುಗಾಳಿ ಬರುವ ಕಿಂಡಿಯ ಎದುರಿಗೇ ಇಳಿಸಿದ. ಊರಲ್ಲಿ ಅದಕ್ಕಿಂತ ತಣ್ಣನೆಯ ಜಾಗ ಬೇರೆ ಇರಲಿಲ್ಲ.

"ಇದ್ಯಾಕೋ ಇಲ್ಲಿಗೆ ಹೊತ್ಕೊಂಡ್ ಬಂದೆ?" ಎಂದ ದ್ಯಾವಣ್ಣ.

ಆಂಜಿನಪ್ಪ ಪರದೆಯ ಪಕ್ಕಕ್ಕೆ ಸರಿದು ನಿಂತ. ಜನ ಪರದೆ ನೋಡಿದರು. ಅವನ ಚೌಕ ಕೆಂಪಾಗಿತ್ತು. ತಂಪು ಸುಯ್ಯೆಂದು ಗಿಡದ ಮೇಲೆ ಬೀಸುತ್ತಿತ್ತು, ಹತ್ತಿರ ನಿಂತವರಿಗೆ ಚಳಿಯಾಗುತ್ತಿತ್ತು, ಚೌಕ ಕೆಂಪಾಗಿಯೇ ಇತ್ತು.

ಇಂಚರ ಮುಂದೆ ಬಂದು ಕ್ಲಿಪ್ಪು ಮುಟ್ಟಿ ನೋಡಿದಳು. "ಇಷ್ಟು ತಂಪಲ್ಲೂ ಯಾಕೆ ಕೆಂಪು..." ಎಂದು ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿ, ಬೆರಳಿಂದ ಚೀಲದ ನಾರು ಕೆದಕಿದಳು. ಪುಡಿಪುಡಿ ಉದುರಿತು.

ಆಂಜಿನಪ್ಪ ಅಂಗೈ ಬಿಚ್ಚಿದ. ತುಂಡು ಡ್ರಿಪ್ ಪೈಪು, ಅದರ ತೂತಿನಲ್ಲಿ ತಲೆ ಕಪ್ಪಾದ ಬೆಂಕಿಕಡ್ಡಿ. ಎಲ್ಲರ ಮುಂದೆ ಕಡ್ಡಿಯನ್ನು ಎಳೆದು ತೆಗೆದ. ನೀರಿಗೆ ಉಬ್ಬಿ ಬಿಗಿಯಾಗಿದ್ದರಿಂದ ಎರಡು ಸಲ ಎಳೆಯಬೇಕಾಯಿತು.

"ಆವತ್ತು ಪಿಳ್ಳಕ್ಕ ಬಂದು ಕರೆದಾಗ ನನಗೆ ಗೊತ್ತಿತ್ತು," ಎಂದ. ಅಷ್ಟೇ ಹೇಳಲಾಯಿತು. ಮನೆಯಲ್ಲಿ ಕಲಿತುಕೊಂಡು ಬಂದಿದ್ದ ಮಿಕ್ಕ ಮಾತೆಲ್ಲ ಎಲ್ಲೋ ಹೋಯಿತು.

ಯಾರೂ ಬೈಯಲಿಲ್ಲ. ಬೈಯುತ್ತಾರೆ, ಬೈದರೆ ಮುಗಿಯುತ್ತದೆ ಎಂದು ಅವನು ಕಾದಿದ್ದ. ಸಭೆಯಲ್ಲಿ ಹೋಳಿಗೆಯ ಮಾತಾಡಿ ನಗಿಸಿದವನು ತನ್ನ ಕಾಲುಗಳನ್ನೇ ನೋಡಿಕೊಳ್ಳುತ್ತಿದ್ದ. ಕೈಯೆತ್ತಿದ್ದವರೆಲ್ಲ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಟ್ಟಿಕೊಂಡರು, ಬಿಚ್ಚಿದರು. ಬಾಗಿಲ ಹತ್ತಿರ ಗಂಗರತ್ನ ನಿಂತಿದ್ದಳು. ಅವಳ ಪಕ್ಕದಿಂದ ಜಾಗ ಮಾಡಿಕೊಂಡು ಪಿಳ್ಳಕ್ಕ ಒಳಗೆ ಬಂದಳು. ಬಾಲದ ಮನೆಯವಳಾದ್ದರಿಂದ ಹೊರಗೇ ನಿಂತಿದ್ದಳು.

ಅವಳು ಆಂಜಿನಪ್ಪನ ಮುಂದಿನಿಂದಲೇ ಹಾದಳು, ಅವನತ್ತ ನೋಡಲಿಲ್ಲ. ಮೇಜಿನ ಮೇಲಿದ್ದ ಚೊಂಬು ಎತ್ತಿಕೊಂಡು ಗಿಡದ ಮುಂದೆ ಕುಳಿತಳು.

"ಅಕ್ಕ, ಅದು ಸರದಿ ಒಪ್ಪಿಸೋ ನೀರು," ಎಂದ ದ್ಯಾವಣ್ಣ ಮೆಲ್ಲಗೆ.

"ಮೊದಲು ಗಿಡಕ್ಕೆ ಹಾಕನ. ಆಮೇಲೆ ಮಾತಾಡೀರಂತೆ. ಅದೇನ್ ತಪ್ಪು ಮಾಡೈತೆ?"

ಒಮ್ಮೆಗೇ ಸುರಿಯಲಿಲ್ಲ. ಒಣಗಿದ ನಾರು ನೀರನ್ನು ತಳ್ಳುತ್ತದೆ ಎಂದು ಸಸಿ ಬೆಳೆಸುವವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದಿಷ್ಟು ಹಾಕಿ, ಅದು ಇಂಗುವವರೆಗೆ ಅಂಗೈಯಿಂದ ಬುಡ ಒತ್ತಿ, ಮತ್ತೆ ಒಂದಿಷ್ಟು. ಚೊಂಬು ಬರಿದಾಗುವವರೆಗೆ ಯಾರೂ ಕದಲಲಿಲ್ಲ. ಆಮೇಲೂ ಕದಲಲಿಲ್ಲ. ನೀರು ಬೇರಿಂದ ಎಲೆಗೆ ಏರಬೇಕು, ಅದಕ್ಕೆ ಅದರದೇ ಹೊತ್ತು ಬೇಕು.

ದ್ಯಾವಣ್ಣ ಎದ್ದು ಗೋಡೆಯ ಕೊನೆಯ ಮೊಳೆಯಿಂದ ಪಿಳ್ಳಕ್ಕನ ಹಲಗೆ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮೊದಲಿದ್ದ ಕಡೆ ನೇತುಹಾಕಿದ. ಆಂಜಿನಪ್ಪನ ಹಲಗೆಯನ್ನೂ ತೆಗೆದ. ಅದನ್ನು ತಾನು ಹಾಕಲಿಲ್ಲ, ಅವನ ಕೈಗೆ ಕೊಟ್ಟ. ಆಂಜಿನಪ್ಪ ಅಷ್ಟು ಜನರ ನಡುವೆ ಗೋಡೆಯ ಕೊನೆಯವರೆಗೆ ನಡೆದು ಹೋಗಿ, ಖಾಲಿ ಮೊಳೆಗೆ ತನ್ನ ಹೆಸರನ್ನು ಸಿಕ್ಕಿಸಿದ. ಹಲಗೆ ಒಂದು ಸಲ ಗೋಡೆಗೆ ಬಡಿದು ಟಕ್ಕೆಂದಿತು.

ಪರದೆಯಲ್ಲಿ ಕೆಂಪು ಸ್ವಲ್ಪ ಸ್ವಲ್ಪವೇ ಕರಗಿ ಹಳದಿಯಾಗುತ್ತಿತ್ತು. ಪಿಳ್ಳಕ್ಕ ಗಿಡದ ಬುಡದಲ್ಲೇ ಕುಳಿತು ಮುರುಟಿದ ಎಲೆಗಳನ್ನು ಒಂದೊಂದಾಗಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ತುದಿಯ ಒಂದೆರಡು ಎಲೆ ಹಗುರವಾಗಿ ನೆಟ್ಟಗಾದವು. ಗಿಡ ಬಾಯಾರಿಕೆ ತೀರಿ, ಈಗ ನಾನು ಚೆನ್ನಾಗಿದ್ದೇನೆ ಎಂದಿತು. ಆಂಜಿನಪ್ಪನ ಹೆಸರಿನ ಮುಂದೆ ಹಸಿರು ಹತ್ತಿತು.

ಅವನು ಗೋಡೆಯ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದ. ತಿರುಗಿ ನೋಡಲಿಲ್ಲ.